ಸಿಪ್ಯಾಪ್ ಕೆಟ್ಟರೆ ಹೊಸದು ಕೊಳ್ಳುವುದೊಂದೇ ದಾರಿಯೇ?

ಮಾನ್ಯ ಸಂಪಾದಕರೇ,

ಸಿಪ್ಯಾಪ್ ಮೆಷಿನ್ ಮಾರುವಾಗ ಡೀಲರ್‌ಗಳು ಮನೆಗೇ ಬಂದು ಎಲ್ಲ ಹೇಳಿಕೊಡುತ್ತಾರೆ. ಐದಾರು ವರ್ಷ ಕಳೆದು ಅದೇ ಮೆಷಿನ್ ಕೆಟ್ಟರೆ ಫೋನ್ ಎತ್ತುವವರೇ ಇಲ್ಲ. ಎತ್ತಿದರೂ ಒಂದೇ ಮಾತು: ಹಳೇ ಮಾಡೆಲ್, ಪಾರ್ಟ್ಸ್ ಬರಲ್ಲ, ಹೊಸದು ತಗೊಳ್ಳಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅಂತಾರೆ. ಗಂಟಲು ಮುಚ್ಚದ ಹಾಗೆ ಈ ಮೆಷಿನ್ ರಾತ್ರಿಯಿಡೀ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಡುತ್ತಿರುತ್ತದೆ. ಒಳಗಿರುವುದು ಮುಖ್ಯವಾಗಿ ಒಂದು ಬ್ಲೋವರ್ ಮೋಟಾರು, ಒತ್ತಡ ಅಳೆಯುವ ಸೆನ್ಸರ್, ಒಂದು ಬೋರ್ಡು. ರಿಪೇರಿಯೇ ಆಗದ ವಸ್ತು ಏನಲ್ಲ.

ನಮ್ಮ ತಂದೆಯವರ ಮೆಷಿನ್ ಒಂದು ದಿನ ಆನ್ ಆಗಲೇ ಇಲ್ಲ. ಡೀಲರ್ ನೋಡದೆಯೇ ಎಕ್ಸ್‌ಚೇಂಜ್ ಬೆಲೆ ಹೇಳಿದರು. ನಮ್ಮ ಬೀದಿಯ ಟಿವಿ ರಿಪೇರಿಯವರು ಮೀಟರ್ ಹಿಡಿದು ನೋಡಿದರೆ ಹೋಗಿದ್ದು ಅಡಾಪ್ಟರ್ ಮಾತ್ರ! ಅದೇ ವೋಲ್ಟೇಜು, ಅದೇ ವ್ಯಾಟ್ ಇರುವ ಅಡಾಪ್ಟರ್ ಹುಡುಕಿ ಹಾಕಿದ ಮೇಲೆ ಮೆಷಿನ್ ಮೊದಲಿನ ಹಾಗೇ ನಡೆಯುತ್ತಿದೆ. ಅದು ಸಿಗುವ ತನಕ ತಂದೆ ಕುರ್ಚಿಯಲ್ಲಿ ಕೂತೇ ರಾತ್ರಿ ಕಳೆದರು. ಆ ಕಷ್ಟ ಯಾರಿಗೂ ಬೇಡ.

ಇನ್ನು ಕೆಲವು ಮಾದರಿಗಳಲ್ಲಿ ಮೋಟಾರಿನ ಆಯಸ್ಸು ಮುಗಿಯಿತು ಅಂತ ಸ್ಕ್ರೀನ್ ಮೇಲೆ ಬರುತ್ತದೆ. ಜನ ಗಾಬರಿಯಾಗುತ್ತಾರೆ. ದಿನಕ್ಕೆ 7 ಗಂಟೆ ಅಂದರೂ ವರ್ಷಕ್ಕೆ 2,500 ಗಂಟೆ ಓಡುತ್ತದಲ್ವಾ, ಆ ಗಂಟೆಗಳ ಲೆಕ್ಕದ ಮೇಲೆ ಬರುವ ಎಚ್ಚರಿಕೆ ಅದು, ಮೋಟಾರು ಸುಟ್ಟುಹೋಗಿದೆ ಅಂತಲ್ಲ. ಬೇಕಾಗಿರುವುದು ಮ್ಯಾನೋಮೀಟರ್ ಇಟ್ಟು ಒತ್ತಡ ಸರಿಯಾಗಿ ಬರುತ್ತಿದೆಯಾ ಅಂತ ನೋಡುವವರು. ನಮ್ಮ ಜಿಲ್ಲೆಯಲ್ಲಿ ಅಂಥವರು ನನಗೆ ಸಿಗಲಿಲ್ಲ.

ಹಾಗಂತ ಎಲ್ಲವನ್ನೂ ನಾವೇ ಬಿಚ್ಚಬೇಕು ಅಂತ ಹೇಳುತ್ತಿಲ್ಲ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಜಗತ್ತಿನಾದ್ಯಂತ ಲಕ್ಷಾಂತರ ಮೆಷಿನ್‌ಗಳನ್ನು ವಾಪಸ್ ಕರೆಯಬೇಕಾಯಿತು. ಶಬ್ದ ತಗ್ಗಿಸಲು ಒಳಗೆ ಹಾಕಿದ್ದ ಫೋಮ್ ಪುಡಿಯಾಗಿ ಉಸಿರಿನ ಜೊತೆ ಒಳಗೆ ಹೋಗಬಹುದು ಅನ್ನುವುದೇ ಕಾರಣ. ಸೆಕೆ, ತೇವ ಇರುವ ಕಡೆ ಫೋಮ್ ಬೇಗ ಹಾಳಾಗುತ್ತದೆ, ಓಜೋನ್ ಹಾಕಿ ಸ್ವಚ್ಛ ಮಾಡಿದರೆ ಇನ್ನೂ ಬೇಗ. ಹಳೇ ಫಿಲಿಪ್ಸ್ ಮೆಷಿನ್ ಇರುವವರು ಅದರ ಸೀರಿಯಲ್ ನಂಬರ್ ಕಂಪನಿ ವಾಪಸ್ ಕರೆದವುಗಳ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿಕೊಳ್ಳಲಿ. ಇದ್ದರೆ ಅದನ್ನು ಇನ್ನೊಬ್ಬರಿಗೆ ದಾಟಿಸಲೇಬಾರದು. ಫೋಮ್ ಕಿತ್ತು ಬಳಸುತ್ತೇನೆ ಅನ್ನುವುದೂ ತಪ್ಪು, ವೈದ್ಯರನ್ನೇ ಕೇಳಬೇಕು.

ಹೊಸ ಮೆಷಿನ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ಹೆಚ್ಚಿನ ಆರೋಗ್ಯ ವಿಮೆಗಳು ಇದಕ್ಕೆ ದುಡ್ಡು ಕೊಡುವುದಿಲ್ಲ. ಕೊಂಡ ವಸ್ತುವಿನ ರಿಪೇರಿ, ಬಿಡಿಭಾಗಗಳ ಮಾಹಿತಿ ಜನರಿಗೆ ಸಿಗಲಿ ಅಂತ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಆಗ ಆರಿಸಿಕೊಂಡಿದ್ದು ಮೊಬೈಲ್, ಫ್ರಿಜ್ಜಿನಂಥ ಮನೆಬಳಕೆ ವಸ್ತು, ವಾಹನ, ಕೃಷಿ ಯಂತ್ರಗಳನ್ನು. ಉಸಿರಾಟಕ್ಕೆ ಬೇಕಾದ ಯಂತ್ರ ಆ ಸಾಲಿನಲ್ಲಿ ಇರಲಿಲ್ಲ! ಫ್ರಿಜ್ ಒಂದು ವಾರ ನಿಂತರೆ ಹಾಲು ಒಡೆಯುತ್ತದೆ, ಅಷ್ಟೇ. ಇದು ನಿಂತರೆ ಅದೇ ರಾತ್ರಿಯಿಂದ ಉಸಿರು ಕಟ್ಟುತ್ತದೆ.

ಇನ್ನೊಂದು ಮಾತು. ಬಳಸುತ್ತಿದ್ದವರು ತೀರಿಕೊಂಡ ಮೇಲೆ, ಇಲ್ಲವೇ ಹೊಸದು ಕೊಂಡ ಮೇಲೆ, ಚೆನ್ನಾಗಿರುವ ಮೆಷಿನ್‌ಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಸುಮ್ನೆ ಬಿದ್ದಿರುತ್ತವೆ. ಜಿಲ್ಲಾ ಆಸ್ಪತ್ರೆಯವರು ಅವನ್ನು ಪಡೆದು, ಒಳಗೆ ಸ್ವಚ್ಛ ಮಾಡಿಸಿ, ಒತ್ತಡ ಪರೀಕ್ಷಿಸಿ, ಹಿಂದಿನವರ ಸೆಟ್ಟಿಂಗ್ ಅಳಿಸಿ, ವೈದ್ಯರು ಬರೆದುಕೊಟ್ಟ ಒತ್ತಡಕ್ಕೆ ಹೊಂದಿಸಿ ಬಡವರಿಗೆ ಕೊಡಬಹುದು. ಮಾಸ್ಕ್, ಪೈಪು, ಫಿಲ್ಟರ್, ನೀರಿನ ಡಬ್ಬಿ ಮಾತ್ರ ಹೊಸದೇ ಆಗಬೇಕು. ಪೂರ್ತಿ ಸತ್ತುಹೋದವನ್ನು ಇ-ತ್ಯಾಜ್ಯಕ್ಕೆ ಕಳಿಸಲಿ. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಲ್ಲಿ ವೈದ್ಯಕೀಯ ಉಪಕರಣಗಳೂ ಸೇರಿವೆ.

ಆರೋಗ್ಯ ಇಲಾಖೆ ಮೊದಲು ಒಂದು ಜಿಲ್ಲೆಯಲ್ಲಾದರೂ ಇಂಥ ಪರೀಕ್ಷೆಯ ಟೇಬಲ್ ಹಾಕಲಿ. ವಾರಂಟಿ ಮುಗಿದ ಮೇಲೂ ಅಡಾಪ್ಟರ್, ಮೋಟಾರು ಮಾರಲೇಬೇಕು ಅಂತ ಕಂಪನಿಗಳಿಗೆ ಕೇಂದ್ರ ಸರ್ಕಾರ ಕಟ್ಟುನಿಟ್ಟಾಗಿ ಹೇಳಲಿ.

– ಒಬ್ಬ ಓದುಗ, ದಾವಣಗೆರೆ