ಅರ್ಜಿ ಸರಿ ಇದೆ, ದುಡ್ಡು ಯಾಕೆ ಬಂದಿಲ್ಲ?

ಮಾನ್ಯ ಸಂಪಾದಕರೇ,

ವಿದ್ಯಾರ್ಥಿವೇತನ ಬಂದಿಲ್ಲವೆಂದು ಕಾಲೇಜು ಕಚೇರಿಯ ಕಿಟಕಿ ಮುಂದೆ ನಿಲ್ಲುವ ತಂದೆ-ತಾಯಂದಿರ ಕೈಯಲ್ಲಿ ಸಾಮಾನ್ಯವಾಗಿ ಎರಡು ಕಾಗದ ಇರುತ್ತವೆ: ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಯ ಪ್ರಿಂಟು, ಪಾಸ್‌ಬುಕ್ಕಿನ ಜೆರಾಕ್ಸು. ಎಷ್ಟೋ ಸಲ ಎರಡರಲ್ಲೂ ತಪ್ಪು ಇರುವುದಿಲ್ಲ. ಜಗಳೂರಿನಿಂದಲೋ ಚನ್ನಗಿರಿ ಕಡೆಯಿಂದಲೋ ಒಂದು ದಿನದ ಕೂಲಿ ಬಿಟ್ಟು ದಾವಣಗೆರೆಗೆ ಬಂದವರನ್ನು ಕಾಲೇಜಿನವರು ‘ಬ್ಯಾಂಕಿನಲ್ಲಿ ಕೇಳಿ’ ಎನ್ನುತ್ತಾರೆ, ಬ್ಯಾಂಕಿನವರು ‘ಕಾಲೇಜಿನಲ್ಲಿ ಕೇಳಿ’ ಎನ್ನುತ್ತಾರೆ. ಸಂಜೆ ಬಸ್ಸಿಗೆ ವಾಪಸು. ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಪೋಷಕರಿಗೆ ಯಾರೂ ಬಿಡಿಸಿ ಹೇಳುತ್ತಿಲ್ಲವಾದ್ದರಿಂದ ಈ ಪತ್ರ.

ಮೊದಲು ತಿಳಿಯಬೇಕಾದ್ದು, ಈ ಹಣ ಖಾತೆ ನಂಬರ್ ನೋಡಿಕೊಂಡು ಬರುವುದಿಲ್ಲ. ವಿದ್ಯಾರ್ಥಿಯ ಆಧಾರ್ ನಂಬರ್ ನೋಡಿಕೊಂಡು ಬರುತ್ತದೆ. ಸರ್ಕಾರದಿಂದ ಹೊರಟ ಹಣ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಇಟ್ಟುಕೊಂಡಿರುವ ಪಟ್ಟಿಯನ್ನು ಮುಟ್ಟುತ್ತದೆ. ಆ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು. ಅಲ್ಲಿ ಖಾತೆ ನಂಬರ್ ಕೂಡ ಇರುವುದಿಲ್ಲ, ಬ್ಯಾಂಕಿನ ಸಂಕೇತ ಮಾತ್ರ. ಯಾವ ಖಾತೆಗೆ ಹಾಕಬೇಕೆಂದು ಆ ಬ್ಯಾಂಕೇ ತನ್ನ ಲೆಕ್ಕ ನೋಡಿ ಹಾಕುತ್ತದೆ. ಹಾಗಾಗಿ ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಅದಕ್ಕೇ ಹಣ ಬರಲಿಲ್ಲ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

‘ನಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂಬ ಉತ್ತರ ಎಲ್ಲ ಪೋಷಕರ ಬಾಯಲ್ಲೂ ಸಿದ್ಧವಿರುತ್ತದೆ. ಲಿಂಕ್ ಬೇರೆ, ಸೀಡಿಂಗ್ ಬೇರೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟರೆ ಅದು ಗುರುತಿನ ದಾಖಲೆಯಾಗಿ ಬ್ಯಾಂಕಿನೊಳಗೇ ಉಳಿಯುತ್ತದೆ. ಸರ್ಕಾರದ ಹಣ ಈ ಖಾತೆಗೇ ಬರಲಿ ಎಂದು ಬೇರೆ ಒಪ್ಪಿಗೆ ನಮೂನೆಗೆ ಸಹಿ ಮಾಡಿಕೊಟ್ಟಾಗ ಮಾತ್ರ ಬ್ಯಾಂಕು ಆ ಆಧಾರ್ ನಂಬರನ್ನು ಎನ್‌ಪಿಸಿಐ ಪಟ್ಟಿಗೆ ಕಳಿಸುತ್ತದೆ. ಇದೇ ಸೀಡಿಂಗ್, ಮ್ಯಾಪಿಂಗ್ ಎಂದರೂ ಇದೇ. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಮಾಡಿ’ ಎಂದರೆ ಮೊದಲನೆಯದನ್ನಷ್ಟೇ ನೋಡಿ ‘ಆಗಿದೆಯಲ್ಲ’ ಎಂದು ಕಳಿಸಿಬಿಡುತ್ತಾರೆ. ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಎಂದೇ ಕೇಳಬೇಕು (ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ). ಮೊದಲು ಬೇರೆ ಬ್ಯಾಂಕಿಗೆ ಮ್ಯಾಪ್ ಆಗಿದ್ದರೆ ಆ ಬ್ಯಾಂಕಿನ ಹೆಸರನ್ನೂ ನಮೂನೆಯಲ್ಲಿ ಬರೆಯಬೇಕು. ಗೃಹಲಕ್ಷ್ಮಿ ಬಂದಾಗ ನಮ್ಮ ತಾಯಂದಿರು ಈ ಪದವನ್ನು ಓಡಾಡಿ ಓಡಾಡಿಯೇ ಕಲಿತರು. ಈಗ ಮಕ್ಕಳ ಪಾಳಿ.

ನಾವು ಎಲ್ಲಕ್ಕಿಂತ ಕೊನೆಯಲ್ಲಿ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟೆವೋ ಅದೇ ಪಟ್ಟಿಯಲ್ಲಿ ಉಳಿಯುತ್ತದೆ ಎಂಬುದು ಇನ್ನೊಂದು ತೊಡಕು. ಪಿಯುಸಿಯಲ್ಲಿ ಊರಿನ ಗ್ರಾಮೀಣ ಬ್ಯಾಂಕಿಗೆ ಬರುತ್ತಿದ್ದ ಹಣ ಪದವಿಗೆ ಬಂದ ಮೇಲೆ ‘ಮಾಯ’ವಾಗುತ್ತದೆ. ಹುಡುಕಿದರೆ, ಮೊಬೈಲ್ ಅಂಗಡಿಯಲ್ಲಿ ಬೆರಳೊತ್ತಿದಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಹೋಗಿ ಕೂತಿರುತ್ತದೆ. ಅದು ಕಳ್ಳತನವಲ್ಲ. ಒಪ್ಪಿಗೆಯ ಚೌಕಕ್ಕೆ ಯಾರೋ ಟಿಕ್ ಹಾಕಿರುತ್ತಾರೆ, ಅಷ್ಟೆ.

ಇದನ್ನು ಮನೆಯಲ್ಲೇ ಐದು ನಿಮಿಷದಲ್ಲಿ ನೋಡಬಹುದು. ಮೈಆಧಾರ್ ಜಾಲತಾಣದಲ್ಲಿ ವಿದ್ಯಾರ್ಥಿಯ ಆಧಾರ್ ನಂಬರ್ ಹಾಕಿ, ಒಟಿಪಿ ಕೊಟ್ಟು, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಯಾವ ಬ್ಯಾಂಕು, ಆ್ಯಕ್ಟಿವ್ ಇದೆಯೋ ಇಲ್ಲವೋ ಕಾಣುತ್ತದೆ. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಹಿಂದಿನ ಪಾವತಿಗಳು ಯಾವ ಖಾತೆಗೆ ಜಮೆ ಆದವು ಎಂಬುದೂ ಸಿಗುತ್ತದೆ. ಸೀಡಿಂಗ್ ‘ಇನ್‌ಆ್ಯಕ್ಟಿವ್’ ಎಂದು ಬಂದರೆ ಎಸ್‌ಎಸ್‌ಪಿ ಅರ್ಜಿಯನ್ನು ಎಷ್ಟು ಸಲ ತಿದ್ದಿದರೂ ಹಣ ಬರದು. ಎನ್‌ಪಿಸಿಐನ ‘ಬೇಸ್’ ಎಂಬ ಪುಟದಿಂದಲೂ ಬ್ಯಾಂಕ್ ಬದಲಿಸಲು ಕೋರಬಹುದು. ಆದರೆ ಬದಲಾದದ್ದನ್ನು ಕಣ್ಣಾರೆ ನೋಡುವ ಮೊದಲು ಹಳೆಯ ಖಾತೆ ಮುಚ್ಚಿಸಬೇಡಿ. ಪಟ್ಟಿಯಲ್ಲಿ ಮುಚ್ಚಿದ ಖಾತೆಯ ಬ್ಯಾಂಕೇ ಉಳಿದರೆ ಪಾವತಿ ವಾಪಸಾಗುತ್ತದೆ.

ಒಟಿಪಿ ಎಂದ ಕೂಡಲೇ ಶುರುವಾಗುವುದು ಮೊಬೈಲ್ ನಂಬರಿನ ಗೋಳು. ಆಧಾರಿಗೆ ಕೊಟ್ಟಿರುವುದು ಅಪ್ಪನ ಹಳೆಯ ನಂಬರ್, ಅದು ರೀಚಾರ್ಜ್ ಇಲ್ಲದೆ ಬಂದ್ ಆಗಿರುತ್ತದೆ. ಹೀಗಾದಾಗ ವಿದ್ಯಾರ್ಥಿಯೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಕೊಟ್ಟು ನಂಬರ್ ಬದಲಿಸಬಹುದು. ದಾಖಲೆ ಬೇಡ, 2025ರ ಅಕ್ಟೋಬರ್‌ನಿಂದ ಶುಲ್ಕ 75 ರೂಪಾಯಿ. ಚಿಕ್ಕಂದಿನಲ್ಲಿ ಆಧಾರ್ ಮಾಡಿಸಿದವರು 15 ತುಂಬಿದ ಮೇಲೆ ಬೆರಳು, ಕಣ್ಣು, ಫೋಟೊ ಹೊಸದಾಗಿ ಕೊಡಲೇಬೇಕು. 15ರಿಂದ 17ರೊಳಗೆ ಇದು ಉಚಿತ. ಕೊಡದೆ ಬಿಟ್ಟವರಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನ 14 ಅಂಕಿಯ ಒಟಿಆರ್ (ಒಂದೇ ಸಲದ ನೋಂದಣಿ ಸಂಖ್ಯೆ) ಪಡೆಯುವಾಗ ಮುಖ ಹೊಂದುವುದಿಲ್ಲ. ಐದು ವರ್ಷದ ಮಗುವಿನ ಮುಖ 18ರ ಯುವಕನಿಗೆ ಹೇಗೆ ಹೊಂದೀತು?

ಎಸ್‌ಎಸ್‌ಪಿ ಲಾಗಿನ್ ಕಥೆ ಇದಕ್ಕಿಂತ ಕೆಟ್ಟದ್ದು. ಕೊನೆಯ ವಾರದ ನೂಕುನುಗ್ಗಲಿನಲ್ಲಿ ಸೈಬರ್ ಅಂಗಡಿಯವರು ತಮ್ಮದೇ ನಂಬರ್ ಹಾಕಿ ಖಾತೆ ತೆರೆದು, ಪಾಸ್‌ವರ್ಡನ್ನು ಪ್ರಿಂಟಿನ ಹಿಂಬದಿ ಗೀಚಿ ಕೊಡುತ್ತಾರೆ. ಮರುವರ್ಷ ನವೀಕರಣದ ಹೊತ್ತಿಗೆ ಆ ಕಾಗದವೂ ಇಲ್ಲ, ಕೆಲವೊಮ್ಮೆ ಆ ಅಂಗಡಿಯೂ ಇಲ್ಲ. ಮನೆಯಲ್ಲಿ ನಿತ್ಯ ಬಳಸುವ ನಂಬರನ್ನೇ ಹಾಕಿಸಿ, ಐಡಿ ಮತ್ತು ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಮಕ್ಕಳ ಕೈಯಲ್ಲೇ ಬರೆಸಿಡಿ.

ಖಾತೆ ಯಾರ ಹೆಸರಿನದು ಎಂಬುದರಲ್ಲೂ ಎಡವುವವರು ಬಹಳ. ಅಪ್ರಾಪ್ತ ಮಗನಿಗೆ ಖಾತೆ ತೆರೆಯುವಾಗ ಪೋಷಕರು ತಮ್ಮ ಆಧಾರ್ ಕೊಟ್ಟಿರುತ್ತಾರೆ. ಆಗ ಆ ಖಾತೆ ಮಗನ ಆಧಾರಿನ ಲೆಕ್ಕಕ್ಕೆ ಬರುವುದೇ ಇಲ್ಲ. 18 ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಸಾಮಾನ್ಯ ಖಾತೆ ಮಾಡಿಸಬೇಕು. ಪೂರ್ತಿ ದಾಖಲೆ ಇಲ್ಲದೆ ತೆರೆದ ‘ಸಣ್ಣ ಖಾತೆ’ಯಲ್ಲಿ ಬ್ಯಾಲೆನ್ಸ್ 50,000 ರೂಪಾಯಿ ದಾಟುವಂತಿಲ್ಲ (ಸರ್ಕಾರದ ನೆರವಿನ ಜಮೆಗೆ ಈ ಮಿತಿ ಇಲ್ಲ), ವರ್ಷದ ಒಟ್ಟು ಜಮೆ 1 ಲಕ್ಷ ಮೀರುವಂತಿಲ್ಲ, ತಿಂಗಳಿಗೆ ತೆಗೆಯಬಹುದಾದದ್ದು 10,000 ಮಾತ್ರ. ಶುಲ್ಕದ ಹಣ ದೊಡ್ಡದಿರುವ ವೃತ್ತಿಪರ ಕೋರ್ಸಿನವರು ಇದನ್ನು ಅರ್ಜಿಗೆ ಮೊದಲೇ ನೋಡಿಕೊಳ್ಳಬೇಕು. ಎರಡು ವರ್ಷ ವ್ಯವಹಾರ ಇಲ್ಲ, ಖಾತೆ ಸತ್ತಿದೆ ಎಂದು ಬ್ಯಾಂಕು ಹೇಳಿದರೆ, ವಿದ್ಯಾರ್ಥಿವೇತನಕ್ಕೆಂದು ತೆರೆದ ಜೀರೊ ಬ್ಯಾಲೆನ್ಸ್ ಖಾತೆಯನ್ನು ಆ ಕಾರಣಕ್ಕೆ ನಿಷ್ಕ್ರಿಯ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ಸೂಚನೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ ಎಂದು ನೆನಪಿಸಿ.

ಹೆಸರಿನ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಕವಿತಾ ಕವಿತಾಳೇ. ಇಂಗ್ಲಿಷಿನಲ್ಲಿ ಬರೆಯುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಟಿ’ ಪಕ್ಕ ಒಂದು ‘ಎಚ್’ ಇರುತ್ತದೆ, ಆಧಾರಿನಲ್ಲಿ ಇರುವುದಿಲ್ಲ. ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಅಂಕಪಟ್ಟಿ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಓದಿ ತಿದ್ದಿಸಿ. ನಾಡಕಚೇರಿಯ ಜಾತಿ-ಆದಾಯ ಪತ್ರವೂ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು, ಅದೇ ಸ್ಪೆಲ್ಲಿಂಗ್ ಇರಬೇಕು. ಆದಾಯ ಪತ್ರದ ಆಯುಷ್ಯ 5 ವರ್ಷ: ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಸರಿಯಾಗಿ ಪದವಿ ಮೊದಲ ವರ್ಷಕ್ಕೆ ಮುಗಿಯುತ್ತದೆ. ಹಳೆಯ ಪತ್ರದ ಮೇಲಿನ ಆರ್‌ಡಿ ನಂಬರ್ ಹಾಕಿ ಅರ್ಜಿ ಯಾಕೆ ಮುಂದೆ ಹೋಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಅದರ ದಿನಾಂಕ ನೋಡಲಿ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಪೋಷಕರಿಗೆ ಒಂದು ಮಾತು. ಮೆಟ್ರಿಕ್ ನಂತರದ ವೇತನದಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ, ಬೇರೆ ದಿನ ಬರುತ್ತದೆ. ಅರ್ಧವೇ ಬಂದಿದೆ, ಉಳಿದದ್ದನ್ನು ಯಾರೋ ನುಂಗಿದರು ಎಂದು ಜಗಳಕ್ಕೆ ಹೋಗುವ ಮುನ್ನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ಎರಡೂ ಜಮೆ ನೋಡಿ.

ಇಷ್ಟನ್ನೆಲ್ಲ ಪೋಷಕರ ತಲೆಗೇ ಕಟ್ಟುವುದು ನ್ಯಾಯವಲ್ಲ. ನಮ್ಮ ಜಿಲ್ಲೆಯ ಕಾಲೇಜುಗಳು ಪ್ರವೇಶದ ವಾರದಲ್ಲೇ, ಫೀಸು ಕಟ್ಟಿಸಿಕೊಳ್ಳುವ ಟೇಬಲ್ಲಿನ ಪಕ್ಕದಲ್ಲಿ, ಸೀಡಿಂಗ್ ನೋಡುವ ಒಂದು ಕಂಪ್ಯೂಟರ್ ಇಡಲಿ. ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಕಚೇರಿ ಬ್ಯಾಂಕಿನವರನ್ನೂ ಆಧಾರ್ ಕಿಟ್ಟನ್ನೂ ಒಂದು ದಿನ ಅಲ್ಲಿಗೇ ಕಳಿಸಲಿ. ಪಾವತಿ ವಾಪಸಾದವರಿಗೆ ಕಾರಣವನ್ನು ಕಾಲೇಜು ತಿಳಿಸಲಿ. ಆದರೆ ಆಧಾರ್ ನಂಬರ್ ಸಮೇತ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದು ಬೇಡ. ಕೊನೆಯ ದಿನಾಂಕ ಹೇಗೂ ಮುಂದೂಡುತ್ತಾರೆ ಎಂಬ ಧೈರ್ಯವನ್ನು ನಾವೂ ಬಿಡೋಣ.

ಬ್ಯಾಂಕುಗಳಲ್ಲಿ ಕೇಳುವುದು ಒಂದೇ: ಮ್ಯಾಪಿಂಗ್ ನಮೂನೆ ತೆಗೆದುಕೊಂಡಾಗ ಮೊಹರು, ದಿನಾಂಕ ಹಾಕಿದ ಸ್ವೀಕೃತಿ ಕೊಡಿ. ಸ್ವೀಕೃತಿ ಇಲ್ಲದಿದ್ದರೆ ಪೋಷಕರ ಬಳಿ ದೂರಿಗೆ ಆಧಾರವೇ ಇರುವುದಿಲ್ಲ. ಲಿಖಿತ ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಆಗ ಮೊದಲು ಬೇಕಾಗುವುದು ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ.

– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ