ಅತ್ತಿಗೆಗೂ, ಉಳಿದೆಲ್ಲರಿಗೂ

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ ಮುಳುಗಿ ಊರು ಬಿಟ್ಟವರ ಕುರಿತ ನನ್ನ ಕಾದಂಬರಿಯ ಕೊನೆಯ ಕರಡು ಪ್ರಕಾಶಕರ ಕೈ ಸೇರಿದೆ. "ಮುಳುಗಡೆ ಕಾದಂಬರಿ ಎಲ್ಲಿಗೆ ಬಂತು?" ಎಂದು ಸಿಕ್ಕಲ್ಲೆಲ್ಲ ಕೇಳುತ್ತಿದ್ದವರಿಗೂ, ಕೊನೆಕೊನೆಗೆ ಕೇಳುವುದನ್ನೇ ನಿಲ್ಲಿಸಿ ಉಪಕಾರ ಮಾಡಿದವರಿಗೂ ವಂದನೆಗಳು. ನಡುವೆ ಬರೆಯುವ ಆಸೆಯೇ ಬತ್ತಿ, ಕಾದಂಬರಿಯನ್ನು ಕೈಬಿಡುವ ಹಂತಕ್ಕೆ ಬಂದಿದ್ದೆ. ಅದನ್ನೆಲ್ಲ ಪೂರ್ತಿ ಹರಡಿಕೊಂಡು ಕೂರುವುದಿಲ್ಲ.

ಗಡುವು ದಾಟಿದರೂ ಮುಂಗಡ ಹಣ ವಾಪಸು ಕೇಳದ ಪ್ರಕಾಶಕರಿಗೆ, ಹಳೆಯ ಕಡತಗಳ ನಕಲು ತೆಗೆಸಿಕೊಟ್ಟ ಸಾಗರದ ಗೆಳೆಯನಿಗೆ, ನನ್ನ ಗೀಚು ಹಾಳೆಗಳನ್ನು ಮುಖ ಸಿಂಡರಿಸದೆ ಬೆರಳಚ್ಚು ಮಾಡಿದ ಹುಡುಗಿಗೆ, ಸಿಡುಕನ್ನು ಸಹಿಸಿದ ಹೆಂಡತಿ ಮಕ್ಕಳಿಗೆ ನಾನು ಋಣಿ. ಒಂದೇ ವಾಕ್ಯದಲ್ಲಿ ಮುಗಿಸಿದೆನೆಂದು ಇವರ್ಯಾರೂ ಮುನಿಸಿಕೊಳ್ಳುವವರಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು.

ಬರೆಯಲಾಗದೆ ಒದ್ದಾಡುವುದು ಬೇರೆ, ಬರೆಯುತ್ತಿರುವುದರಿಂದಲೇ ಮನಸ್ಸು ಕಿತ್ತುಕೊಂಡು ಹೋಗುವುದು ಬೇರೆ. ಮೊದಲನೆಯದಕ್ಕೆ ಲೇಖಕರ ನಡುವೆ ಒಂದಿಷ್ಟು ಮರ್ಯಾದೆಯಿದೆ. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಪುಟಗಳು ತುಂಬುತ್ತಲೇ ಇದ್ದವು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಸಮುದ್ರಮಟ್ಟದಿಂದ 1819 ಅಡಿಯ ಗರಿಷ್ಠ ನೀರಿನ ಮಟ್ಟ, ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟನ್ನೇ ಹೊಸ ನೀರು ನುಂಗಿದ್ದು, ಜನ ಮನೆಯ ತೊಲೆ, ಹೆಂಚು ಬಿಚ್ಚಿ ಲಾರಿಗೇರಿಸಿ ಹೊರಟದ್ದು, ಎಲ್ಲವೂ ತಪ್ಪಿಲ್ಲದೆ ಹಾಳೆಗೆ ಬರುತ್ತಿತ್ತು. ನನ್ನ ಎಂಜಿನಿಯರ್ ಪಾತ್ರವಂತೂ ಬಾಯಿ ತೆರೆದರೆ ಭಾಷಣ. ಆದರೆ ಆ ಜನ ಮುಂದೇನಾದರು ಎಂಬ ಕುತೂಹಲ ನನಗೇ ಉಳಿದಿರಲಿಲ್ಲ. 2025ರ ಜುಲೈನಲ್ಲಿ ಆ ಅಣೆಕಟ್ಟಿನ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ಒಳಗೊಳಗೇ ಹಿಗ್ಗಿದೆ. ನನ್ನ ಕೊನೆಯ ಅಧ್ಯಾಯ ಅದೇ ಹಿನ್ನೀರು ದಾಟಲು ಸಿಗಂದೂರಿನ ಲಾಂಚಿಗಾಗಿ ಕಾಯುವವರದು. ಇನ್ನು ಕಾಯಬೇಕಾಗಿಯೇ ಇಲ್ಲವೆಂದ ಮೇಲೆ, ಕಾದಂಬರಿ ಕೈಬಿಡಲು ಸರ್ಕಾರವೇ ನೆಪ ಒದಗಿಸಿದಂತಾಗಿತ್ತು.

ಆ ಚಳಿಗಾಲ ಊರಿಗೆ ಹೋದದ್ದು, ನನ್ನಿಂದಾಗದು ಎಂಬ ಪತ್ರವನ್ನು ಅಲ್ಲಿ ಕೂತು ಬರೆಯೋಣವೆಂದು. ಅಡಿಕೆ ಸುಗ್ಗಿ. ರಾತ್ರಿ ಸುಲಿಯಲು ಬಂದವರೆಲ್ಲ ಎದ್ದುಹೋದ ಮೇಲೂ ಅತ್ತಿಗೆ ಮೆಟ್ಟುಗತ್ತಿಯ ಮುಂದೆ ಕೂತೇ ಇದ್ದರು. ಅಡಿಕೆಯ ಕಲೆ ಹತ್ತಿ ಅವರ ಬೆರಳು ಕಪ್ಪಾಗಿದ್ದವು. ಎದುರಿಗೆ ಕಂಬಕ್ಕೊರಗಿ ನಾನು ಏನೇನು ಆಡಿದೆನೋ. ಈ ವಯಸ್ಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತದ್ದು ನಿಜ. ಬರೆಯುವ ಆಸೆಯೇ ಸತ್ತರೆ ನನ್ನಲ್ಲಿ ಉಳಿಯುವುದಾದರೂ ಏನು ಎಂದು ಕೇಳಿದ್ದೂ ನಿಜ.

ಅತ್ತಿಗೆ ಸಮಾಧಾನ ಹೇಳಲಿಲ್ಲ. ಸುಲಿಯುತ್ತಲೇ, "ನೀನು ಕೊಟ್ಟಿದ್ದ ಹಾಳೆಗಳನ್ನು ಓದಿದೆ" ಎಂದರು. "ಎಲ್ಲರೂ ಮುಳುಗಡೆಯ ಬಗ್ಗೆಯೇ ಮಾತನಾಡುತ್ತಾರಲ್ಲೋ. ಅತ್ತೆ ಹಾಗೆ ಮಾತನಾಡಿದ್ದನ್ನು ನಾನು ಕೇಳಿಲ್ಲ. ಅವರದೆಲ್ಲ ಒರಳಿನ ಕತೆ."

ಯಾವ ಒರಳು?

ಅಮ್ಮ ಹುಡುಗಿಯಾಗಿದ್ದಾಗ ಬಿಟ್ಟುಬಂದ ಮನೆಯ ಒರಳು. ಲಾರಿಯಲ್ಲಿ ಜಾಗವಿಲ್ಲವೆಂದು ಅಜ್ಜ ಅದನ್ನು ಅಲ್ಲೇ ಬಿಡಿಸಿದರಂತೆ; ಅಜ್ಜಿ ರುಬ್ಬುವ ಗುಂಡನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಬಂದರಂತೆ. ಹೊಸ ಊರಿನ ಯಾವ ಒರಳಿಗೂ ಅದು ಹೊಂದಲಿಲ್ಲ. ಮದುವೆಯಾದ ಮೇಲೆ ಅಮ್ಮ ಅದನ್ನು ಇಲ್ಲಿಗೆ ತಂದಳು. ನಮ್ಮ ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಟ್ಟಿರುವ ಕಲ್ಲು ಅದೇ. ಚಿಕ್ಕಂದಿನಿಂದ ನಾನು ಎಡವಿ ಶಪಿಸಿಕೊಂಡು ಬಂದ ಕಲ್ಲು.

ನನಗೆ ಹೊಟ್ಟೆಕಿಚ್ಚಾಯಿತು. ಕಡತಗಳ ಹಿಂದೆ ಅಲೆದ ಮಗನಿಗೆ ದಕ್ಕದ ಅಮ್ಮ, ಅಡಿಕೆ ಸುಲಿಯುತ್ತ ಪಕ್ಕದಲ್ಲಿ ಕೂತ ಸೊಸೆಗೆ ದಕ್ಕಿದ್ದಳು. ಈಗ ಕೇಳೋಣವೆಂದರೆ ಅಮ್ಮ ಇಲ್ಲ. ಅತ್ತಿಗೆ ಬೆಳಗಿನ ಜಾವದವರೆಗೂ ಹೇಳಿದರು: ಹೊಸ ಊರಿನ ಹುಲ್ಲಿಗೆ ಬಾಯಿ ಹಾಕದೆ ನಿಂತ ಎಮ್ಮೆ, ನೀರು ಇಳಿದ ಬೇಸಿಗೆಯಲ್ಲಿ ಹಳೆಯ ಅಂಗಳ ಹುಡುಕಲು ಹೋಗಿ ಮನೆಯಲ್ಲಿ ಬೈಸಿಕೊಂಡ ಸೋದರಮಾವ. ನಡುವೆ ನನ್ನ ಕಡೆಗೂ ಒಂದಷ್ಟು ಅಡಿಕೆ ತಳ್ಳಿ, "ಕೈ ಸುಮ್ಮನಿದ್ದರೆ ನಿದ್ದೆ ಬರುತ್ತದೆ" ಎಂದು ಗದರಿದರು.

ಮರುದಿನವೇ ಉತ್ಸಾಹ ಉಕ್ಕಿತೆಂದರೆ ಸುಳ್ಳಾಗುತ್ತದೆ. ಎಂಜಿನಿಯರನ ಅಧ್ಯಾಯಗಳನ್ನೆಲ್ಲ ಕಿತ್ತುಹಾಕಿದ ಮೇಲೂ ಬಹಳ ದಿನ ಮೇಜಿನ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಆದರೆ ಆ ಗುಂಡನ್ನು ಕಂಡು ಅಜ್ಜ ಏನೆಂದಿರಬಹುದು, ಅಜ್ಜಿ ಅದಕ್ಕೆ ಉತ್ತರ ಕೊಟ್ಟಿರಬಹುದೇ ಎಂದು ಬಸ್ಸಿನಲ್ಲಿ ಹೋಗುವಾಗಲೂ ತಲೆಯಲ್ಲಿ ಓಡತೊಡಗಿತು. ಅಷ್ಟು ಸಾಕಾಯಿತು. ಪುಸ್ತಕ ಈಗ ಮೊದಲಿನ ಅರ್ಧದಷ್ಟೂ ಇಲ್ಲ. ಲಾಂಚು ಉಳಿದಿದೆ, ಸೇತುವೆಯೂ ಸೇರಿದೆ.

ಅರ್ಪಣೆಯ ಪುಟದಲ್ಲಿ ಹೆಸರು ಹಾಕುತ್ತೇನೆಂದಾಗ ಅತ್ತಿಗೆ ಸುತರಾಂ ಒಪ್ಪಲಿಲ್ಲ. "ನಾನು ಊರಲ್ಲಿ ತಿರುಗಾಡುವುದು ಬೇಡವೇ? ಅಷ್ಟಕ್ಕೂ ಕತೆ ಅತ್ತೆಯದು" ಎಂದರು. ಹಾಗಾಗಿ ಅಲ್ಲಿ ಅಮ್ಮನ ಹೆಸರಿದೆ. ಅಣ್ಣ ಇದನ್ನು ತನ್ನ ಮೊಬೈಲಿನಲ್ಲಿ ತೋರಿಸಿಯೇ ತೋರಿಸುತ್ತಾನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅತ್ತಿಗೆ, ಅಚ್ಚಾದ ಮೊದಲ ಪ್ರತಿ ನಿಮಗೇ ಬರುತ್ತದೆ. ಬೈಯುವುದಿದ್ದರೆ ಅದನ್ನು ಓದಿದ ಮೇಲೆ ಪುಸ್ತಕಕ್ಕೂ ಈ ಬರಹಕ್ಕೂ ಸೇರಿಸಿ ಒಟ್ಟಿಗೇ ಬೈಯಿರಿ.