ಸರ್ವೆ ಮಾಡಲೇನು ಎಂದು ಕೇಳಿದ ಗೆಳೆಯನಿಗೆ

ಗುಳೇದಗುಡ್ಡ
ರವಿವಾರ ರಾತ್ರಿ

ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಮಗ್ಗದ ಸಪ್ಪಳ ಒಂದು ಕಡೆ, ಹೋಗಿ ಬರುವ ನೆಟ್‌ವರ್ಕ್ ಒಂದು ಕಡೆ. "ಮೊಬೈಲಿನ್ಯಾಗ ಸರ್ವೆ ತುಂಬಿದ್ರ ರೊಕ್ಕಾ ಬರ್ತೈತಂತ, ನೀ ಮಾಡೀಯಲ್ಲ, ಖರೇನ ಬರ್ತೈತೇನು?" ಎಂದು ಕೇಳಿದೆ ನೀನು. ಹೊಲ ಅಳೆಯುವ ಸರ್ವೆ ಅಲ್ಲ, ಕಂಪನಿಗಳು ಕೇಳುವ ಪ್ರಶ್ನೆಗಳಿಗೆ ಮೊಬೈಲಿನಲ್ಲಿ ಉತ್ತರ ತುಂಬುವ ಸರ್ವೆ. "ಬರ್ತೈತಿ, ಆದ್ರ..." ಅನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಆ 'ಆದ್ರ' ಆದಮೇಲಿನ ಮಾತನ್ನೆಲ್ಲ ಈಗ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವವರು ನಮ್ಮ ಓಣಿಯಲ್ಲೇ ನಾಲ್ಕು ಮಂದಿ ಇದ್ದಾರೆ. ಹೆಸರು ತೆಗೆದು ಎಲ್ಲರೂ ಓದುವಂತೆ ಹಾಕಲೇನು ಎಂದು ಮೆಸೇಜ್ ಮಾಡಿದಾಗ ನೀನು ಒಪ್ಪಿದ್ದು ಒಳ್ಳೆಯದಾಯಿತು.

ಮೊದಲು ಒಂದು ಮಾತು. ಅಂಗಡಿಯ ಕೆಲಸ ಹೋಗಿ ಎರಡು ತಿಂಗಳಾದರೂ ನೀನು ನನಗೆ ಹೇಳಲಿಲ್ಲ. ವಿಜಯಪುರ ಇಲ್ಲಿಂದ ಎಷ್ಟು ದೂರ? ನನ್ನ ಹತ್ತಿರ ದೊಡ್ಡ ರೊಕ್ಕ ಇಲ್ಲ ನಿಜ, ಆದರೆ ಮಾತಿಗಾದರೂ ನಾನಿದ್ದೆ. ಅದಿರಲಿ.

ಹೋದ ವರ್ಷ ಮಳೆಗಾಲದಲ್ಲಿ ನಾವು ನೇಯುವ ಕುಪ್ಪಸದ ಬಟ್ಟೆ, ಖಣದ ಗಿರಾಕಿ ಕಡಿಮೆಯಾಗಿ, ಮಾಲೀಕರು ನೂಲು ಕೊಡುವುದು ನಿಲ್ಲಿಸಿದಾಗ ನಾನು ಸರ್ವೆಗೆ ಕೂತದ್ದು. 46 ದಿನ ಮಾಡಿದೆ. ಮಗ್ಗದ ಲೆಕ್ಕ ಬರೆಯುವ ವಹಿಯ ಹಿಂದಿನ ಹಾಳೆಗಳಲ್ಲಿ ದಿನಾ ಬರೆದಿಟ್ಟಿದ್ದೆ, ಅದನ್ನು ಮುಂದಿಟ್ಟುಕೊಂಡೇ ಹೇಳುತ್ತಿದ್ದೇನೆ. ತೆರೆದ ಸರ್ವೆಗಳು 312. ಕೊನೆಯವರೆಗೆ ಮುಟ್ಟಿದ್ದು 74. ಉಳಿದ 238ರಲ್ಲಿ ನನ್ನನ್ನು ನಡುವೆಯೇ ಹೊರಗೆ ಹಾಕಿದರು. ಒಟ್ಟು ಹೋದ ಹೊತ್ತು 50 ತಾಸು. ಕೈಗೆ ಸಿಕ್ಕದ್ದು 500 ರೂಪಾಯಿಯ ಎರಡು ಗಿಫ್ಟ್ ವೋಚರ್ ಮತ್ತು ಗೂಗಲ್ ಒಪಿನಿಯನ್ ರಿವಾರ್ಡ್ಸ್ ಆ್ಯಪಿನಲ್ಲಿ ಜಮೆಯಾದ 140 ರೂಪಾಯಿ. ಆ 140 ರೂಪಾಯಿಯನ್ನು ಗೂಗಲ್ ಪ್ಲೇಯಲ್ಲೇ ಖರ್ಚು ಮಾಡಬೇಕು, ಒಂದು ವರ್ಷದೊಳಗೆ ಬಳಸದಿದ್ದರೆ ಅದೂ ಹೋಗುತ್ತದೆ. ಎಲ್ಲ ಕೂಡಿಸಿದರೆ 1,140. ತಾಸಿಗೆ 22 ರೂಪಾಯಿ 80 ಪೈಸೆ.

2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ದಿನಕ್ಕೆ ಎಂಟು ತಾಸು ದುಡಿಮೆ ಎಂದು ಹಿಡಿದರೆ ತಾಸಿಗೆ 46ರ ಮೇಲೆ. ಬಿಸಿಲಲ್ಲಿ ಮಣ್ಣು ಹೊರುವ ಕೆಲಸದ ಅರ್ಧ ಕೂಲಿಯೂ ನನಗೆ ಬೀಳಲಿಲ್ಲ. ಅದೂ ನನ್ನದೇ ಡೇಟಾ, ನನ್ನದೇ ಕರೆಂಟು, ನನ್ನದೇ ಕಣ್ಣು.

ಹಾಗೆಂದು ಇವೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಸಾಬೂನೋ ಫೋನೋ ಮಾರುವ ಕಂಪನಿಯವರಿಗೆ ಜನ ಏನು ಕೊಳ್ಳುತ್ತಾರೆ ಎಂದು ತಿಳಿಯಬೇಕು. ಅವರು ಒಂದು ಸಂಶೋಧನಾ ಸಂಸ್ಥೆಗೆ ಹೇಳುತ್ತಾರೆ: ಇಷ್ಟು ವಯಸ್ಸಿನ ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಂಥ ಊರಿನವರು, ಇಷ್ಟು ಆದಾಯದವರು ಬೇಕು ಎಂದು. ಒಂದೊಂದಕ್ಕೂ ಒಂದು ಕೋಟಾ. ಕೋಟಾ ತುಂಬಿತೆಂದರೆ ಬಾಗಿಲು ಹಾಕಿತು. ಮೊದಲ ಹತ್ತು ಹನ್ನೆರಡು ಪ್ರಶ್ನೆ ಇರುತ್ತವಲ್ಲ, ವಯಸ್ಸು, ಊರು, ಮನೆಯಲ್ಲಿ ಹೆಚ್ಚು ದುಡಿಯುವವರ ಓದು, ಅವು ಸರ್ವೆಯೇ ಅಲ್ಲ, ಜರಡಿ. ಜರಡಿಯಲ್ಲಿ ಕಳೆದ ಹೊತ್ತಿಗೆ ರೊಕ್ಕ ಇಲ್ಲ. ನಮ್ಮ ಸಮಯಕ್ಕೆ ಅವರು ಬೆಲೆ ಕಟ್ಟುವುದಿಲ್ಲ, ನಾವು ಅವರ ಕೋಟಾದೊಳಗೆ ಕೂರುತ್ತೇವೋ ಇಲ್ಲವೋ ಅದಕ್ಕಷ್ಟೇ ಬೆಲೆ. ಇದು ತಿಳಿಯಲು ನನಗೆ ತಿಂಗಳು ಹಿಡಿಯಿತು.

ಪ್ರತಿ ಸರ್ವೆಯಲ್ಲೂ ಫ್ರಿಜ್ ಇದೆಯೇ, ವಾಷಿಂಗ್ ಮಷೀನ್ ಇದೆಯೇ, ಕಾರು ಇದೆಯೇ, ಎಸಿ ಇದೆಯೇ ಎಂದು ಯಾಕೆ ಕೇಳುತ್ತಾರೆ ಎಂದು ಹುಡುಕಿ ಓದಿದೆ. 2011ರಿಂದ ನಮ್ಮ ದೇಶದ ಮಾರುಕಟ್ಟೆ ಸಂಶೋಧನೆಯವರು ಮನೆತನಗಳನ್ನು ಅಳೆಯಲು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಮನೆಯ ಮುಖ್ಯ ದುಡಿಮೆಗಾರ ಎಷ್ಟು ಓದಿದ್ದಾನೆ, ಹನ್ನೊಂದು ಸಾಮಾನುಗಳಲ್ಲಿ ಮನೆಯಲ್ಲಿ ಎಷ್ಟಿವೆ, ಈ ಎರಡೇ ಅಳತೆ. ಕರೆಂಟ್ ಸಂಪರ್ಕ, ಫ್ಯಾನು, ಗ್ಯಾಸ್ ಒಲೆಯಿಂದ ಹಿಡಿದು ಕಾರು, ಎಸಿಯವರೆಗೆ, ಹೊಲವೂ ಅದರಲ್ಲಿ ಸೇರಿದೆ. ಅದರ ಮೇಲೆ ಎ1ರಿಂದ ಇ3ರವರೆಗೆ ಹನ್ನೆರಡು ದರ್ಜೆ. ಓದಿ ನಾನು ಮನೆಯೊಳಗೆ ಕೂತು ಎಣಿಸಿದೆ. ಕರೆಂಟ್, ಫ್ಯಾನು, ಗ್ಯಾಸ್, ಟಿವಿ, ಗಾಡಿ. ಐದು. ತಿಜೋರಿಯಷ್ಟು ಜೋಪಾನ ಮಾಡುವ ಮಗ್ಗ ಆ ಹನ್ನೊಂದರಲ್ಲಿ ಇಲ್ಲ. ದುಬಾರಿ ಸಾಮಾನಿನ ಸರ್ವೆಗಳೆಲ್ಲ ಮೇಲಿನ ದರ್ಜೆಯವರಿಗೆ, ರೊಕ್ಕ ಹೆಚ್ಚು ಬರುವುದೂ ಅಲ್ಲಿಯೇ. ನಮ್ಮಂಥವರಿಗೆ ಉಳಿಯುವುದು ಹತ್ತು ಹದಿನೈದು ರೂಪಾಯಿಯವು.

ಒಂದು ರಾತ್ರಿಯದು ಹೇಳುತ್ತೇನೆ. ಅಡುಗೆ ಎಣ್ಣೆಯ ಮೇಲೆ ಒಂದು ಸರ್ವೆ ಬಂತು. ನಿಮ್ಮ ಮನೆಯಲ್ಲಿ ಯಾವ ಎಣ್ಣೆ ತರಬೇಕೆಂದು ಯಾರು ನಿರ್ಧರಿಸುತ್ತಾರೆ ಎಂದು ಕೇಳಿತು. ಅವ್ವ ಎದುರಿಗೇ ಕೂತು ಲಾಳಿಗೆ ಹಾಕುವ ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಕೇಳಿದೆ. ಕೈ ನಿಲ್ಲಿಸದೆ ಹೇಳತೊಡಗಿದಳು: "ಚಟ್ನಿಗಿ, ಬದನಿಕಾಯಿ ಪಲ್ಯಾಕ್ಕ ಕುಸುಬಿ ಎಣ್ಣಿನ ಬೇಕು. ಗಾಣದಾಗ ಕಣ್ಣೆದುರಿಗೆ ಹಿಂಡಿಸಿದ್ದು ಇದ್ರ ಚಲೋ. ಕರಿಯಾಕ ಶೇಂಗಾ ಎಣ್ಣಿ. ಪಾಕೀಟಿಂದು ಮಂದಿ ಬಂದಾಗ ಅಷ್ಟ. ನಿಮ್ಮಪ್ಪ ಇದ್ದಾಗ ಕುಸುಬಿ ನಾವ ಬಿತ್ತತಿದ್ವಿ..." ಹತ್ತು ನಿಮಿಷ ಮಾತಾಡಿದಳು. ಕುಸುಬೆ ಬಿತ್ತುವ ಹೊಲದಿಂದ ಹಿಂಡಿಯನ್ನು ಎಮ್ಮೆಗೆ ಹಾಕುವವರೆಗೆ ಎಲ್ಲ ಹೇಳಿದಳು. ಯಾವ ಕಂಪನಿ ಎಷ್ಟು ಕೋಟಿ ಕೊಟ್ಟರೂ ಅಂಥ ಉತ್ತರ ಸಿಗುವುದಿಲ್ಲ ಅನ್ನಿಸಿತು ನನಗೆ. ಮೊಬೈಲ್ ನೋಡಿದೆ. ಸೂರ್ಯಕಾಂತಿ, ತಾಳೆ, ಶೇಂಗಾ, ಸಾಸಿವೆ, ಸೋಯಾ, ಕಡೆಗೆ 'ಇತರೆ'. ಇತರೆ ಒತ್ತಿದೆ. ಧನ್ಯವಾದ, ಈ ಸರ್ವೆಗೆ ನೀವು ಅರ್ಹರಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಹೌದು, ನಾನು ಮಾಡಿದ 74ರಲ್ಲಿ ಕನ್ನಡದಲ್ಲಿ ಇದ್ದದ್ದು ಮೂರೇ.

"ಏನಂದ್ರು?" ಅಂದಳು ಅವ್ವ. ಏನೂ ಹೇಳಲು ಬಾಯಿ ಬರಲಿಲ್ಲ ನನಗೆ.

ಅವತ್ತಿನಿಂದ ನಾನು ಸುಳ್ಳು ಹೇಳಲು ಶುರು ಮಾಡಿದೆ. ಇದನ್ನು ನಿನಗೆ ಬರೆಯಲೇಬೇಕು, ಯಾಕೆಂದರೆ ನೀನು ಕೂತರೆ ನಿನಗೂ ಇದೇ ಆಸೆ ಬರುತ್ತದೆ. ಊರು ಬೆಂಗಳೂರು ಎಂದು ಹಾಕಿದೆ, ಕಾರಿದೆ ಎಂದೆ, ಎಸಿ ಇದೆ ಎಂದೆ. ನಿಜ, ಬಾಗಿಲು ತೆರೆಯಿತು. ಮೊದಲು ಮೂರು ನಿಮಿಷಕ್ಕೆ ಹೊರಗೆ ಬೀಳುತ್ತಿದ್ದವನು ಈಗ ಇಪ್ಪತ್ತು ನಿಮಿಷ ಒಳಗೆ ಇರುತ್ತಿದ್ದೆ. ಆದರೆ ಅವರೂ ಕಾವಲು ಇಟ್ಟಿರುತ್ತಾರೆ. ಒಂದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಾರೆ. ನಡುವೆ ಎಲ್ಲೋ 'ಈ ಸಾಲಿನಲ್ಲಿ ಒಪ್ಪುವುದಿಲ್ಲ ಎಂಬುದನ್ನೇ ಆರಿಸಿ' ಎಂದು ಹಾಕಿರುತ್ತಾರೆ, ಓದದೆ ಒತ್ತುವವರನ್ನು ಹಿಡಿಯಲು. ಎಷ್ಟು ಬೇಗ ಮುಗಿಸಿದೆ ಎಂಬುದನ್ನೂ ನೋಡುತ್ತಾರೆ. ಕಾರಿನ ಸರ್ವೀಸಿಂಗ್ ಮೇಲಿನ ಒಂದು ಸರ್ವೆಯಲ್ಲಿ ಗಾಡಿ ಯಾವ ವರ್ಷದ್ದು ಎಂದು ಮೊದಲು ಒಂದು ಬರೆದೆ, ಕೊನೆಗೆ ಇನ್ನೊಂದು ಬರೆದೆ. ಎರಡು ದಿನಕ್ಕೆ ಆ ಸರ್ವೆಯವರಲ್ಲಿದ್ದ ನನ್ನ ಖಾತೆ ಬಂದ್ ಆಯಿತು. ಅದರಲ್ಲಿ 260 ರೂಪಾಯಿಯಷ್ಟು ಪಾಯಿಂಟ್ ಇತ್ತು. 500 ಆಗದೆ ತೆಗೆಯಲು ಬರುತ್ತಿರಲಿಲ್ಲ, ಹಾಗಾಗಿ ಅಷ್ಟೂ ಹೋಯಿತು.

ರೊಕ್ಕ ಹೋದದ್ದಕ್ಕಿಂತ ಬೇರೆಯದೇ ಸಂಕಟ ಆಯಿತು ನನಗೆ. ನಮ್ಮ ಮನೆತನದಲ್ಲಿ ಖಣದ ಅಳತೆ ಬೆರಳಷ್ಟು ಕಡಿಮೆಯಾದರೂ ಅಪ್ಪ ಗಿರಾಕಿಗೆ ಕೊಡುತ್ತಿರಲಿಲ್ಲ. ನಾನು ಅದೇ ಮಗ್ಗದ ಪಕ್ಕದಲ್ಲಿ ಕೂತು ದಿನಾ ರಾತ್ರಿ ಇಲ್ಲದ ಕಾರಿನ ಲೆಕ್ಕ ಬರೆಯುತ್ತಿದ್ದೆ. ತಪ್ಪು ಅವರದಲ್ಲ, ನನ್ನದೇ. ಅಂದೇ ಬಿಟ್ಟೆ.

ಮಗ್ಗದ ಮಾತು ಬಂತೆಂದು ಇನ್ನೊಂದು ಹೇಳುತ್ತೇನೆ. ಲಾಳಿ ಓಡುವಾಗ ಎಳೆ ಹರಿಯುತ್ತದೆ, ಹರಿಯದ ದಿನವೇ ಇಲ್ಲ. ಹರಿದ ಎಳೆ ಗಂಟು ಹಾಕಿ ಮುಂದೆ ನೇಯುತ್ತೇವೆ. ಅಲ್ಲಿಯವರೆಗೆ ನೇಯ್ದದ್ದು ನೇಯ್ದದ್ದೇ, ಯಾರೂ ಕಸಿದುಕೊಳ್ಳುವುದಿಲ್ಲ. ಸರ್ವೆಯಲ್ಲಿ ಹದಿನೈದನೇ ನಿಮಿಷಕ್ಕೆ ಎಳೆ ಹರಿದರೆ ಗೇಣು ಬಟ್ಟೆಯೂ ಉಳಿಯುವುದಿಲ್ಲ. ಹೀಗೆ ದಿನಾ ಐದಾರು ಸಲ ಆದರೆ ಮನುಷ್ಯ ಒಳಗೊಳಗೇ ಕುಗ್ಗುತ್ತಾನೆ. ಕೆಲಸ ಕಳಕೊಂಡು ಮನೆಯಲ್ಲಿ ಕೂತ ನಿನ್ನಂಥವನಿಗೆ 'ನೀವು ಅರ್ಹರಲ್ಲ' ಎಂಬ ಮಾತನ್ನು ದಿನಕ್ಕೆ ಐದು ಸಲ ಓದುವುದು ಬೇಡ ಎಂದು ನನ್ನ ಮನಸ್ಸು ಹೇಳುತ್ತದೆ.

ಈಗ ನಿನ್ನ ಹೆಂಡತಿಗೆ, ಅಂದರೆ ನಮ್ಮ ವೈನಿಗೆ, ಟೆಲಿಗ್ರಾಮಿನಲ್ಲಿ ಬಂದ ಆ ಮೆಸೇಜಿನ ಮಾತು. ನೀನು ಕಳಿಸಿದ ಫೋಟೋ ನೋಡಿದೆ. ದಿನಕ್ಕೆ ಮೂರು ಸಾವಿರ, ಮನೆಯಲ್ಲೇ ಕೂತು ಸರ್ವೆ, ಮೊದಲು 2,500 ನೋಂದಣಿ ಶುಲ್ಕ. ಗೆಳೆಯಾ, ಅದು ಸರ್ವೆ ಅಲ್ಲ. ನಮ್ಮಿಂದ ಉತ್ತರ ಬೇಕಾದವರು ನಮಗೆ ಕೊಡಬೇಕು, ನಮ್ಮಿಂದ ತಗೊಳ್ಳುವುದಿಲ್ಲ. ನಿಜವಾದ ಸರ್ವೆಗೆ ಒಂದು ಪೈಸೆಯೂ ಕಟ್ಟುವುದಿಲ್ಲ. ಈ ಮಂದಿ ಮೊದಲು ನೂರೋ ಇನ್ನೂರೋ ಖಾತೆಗೆ ಹಾಕಿ ನಂಬಿಕೆ ಹುಟ್ಟಿಸುತ್ತಾರೆ. ಆಮೇಲೆ ದೊಡ್ಡ ಟಾಸ್ಕ್ ಬೇಕಾದರೆ ಮುಂಗಡ ಕಟ್ಟಿ ಎನ್ನುತ್ತಾರೆ. ಸ್ಕ್ರೀನಿನ ಮೇಲೆ ನಿನ್ನ ಲಾಭ ಐವತ್ತು ಸಾವಿರ ಎಂದು ತೋರಿಸುತ್ತಾರೆ, ತೆಗೆಯಲು ಹೋದರೆ ತೆರಿಗೆ ಕಟ್ಟಿ ಎನ್ನುತ್ತಾರೆ. ಇಂಥ ಪಾರ್ಟ್ ಟೈಮ್ ಕೆಲಸದ ಮೋಸಕ್ಕೆ ಬಳಸುತ್ತಿದ್ದ ನೂರಕ್ಕೂ ಹೆಚ್ಚು ವೆಬ್‌ಸೈಟುಗಳನ್ನು 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಬಂದ್ ಮಾಡಿಸಿತು. ಮತ್ತೆ ಹೊಸವು ಹುಟ್ಟುತ್ತಲೇ ಇವೆ. ನಿಮ್ಮ ಬ್ಯಾಂಕ್ ಖಾತೆಯನ್ನು ಸ್ವಲ್ಪ ದಿನ ನಮಗೆ ಬಳಸಲು ಕೊಡಿ, ಕಮಿಷನ್ ಕೊಡುತ್ತೇವೆ ಎಂದೂ ಕೇಳುವವರಿದ್ದಾರೆ. ಅದಕ್ಕಂತೂ ಹೂಂ ಅನ್ನಲೇಬೇಡ. ಬೇರೆಯವರಿಂದ ಲೂಟಿ ಮಾಡಿದ ರೊಕ್ಕ ನಿನ್ನ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಬರುವುದು ನಿನ್ನ ಬಾಗಿಲಿಗೆ.

ವೈನಿ ಈಗಾಗಲೇ ಕಟ್ಟಿದ್ದರೆ ಅವರನ್ನು ಬೈಯಬೇಡ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಎಷ್ಟು ಬೇಗ ಹೇಳಿದರೆ ಅಷ್ಟು ಚಲೋ, ರೊಕ್ಕ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಬರುತ್ತದೆ. ಕಟ್ಟಿದ ರಸೀತಿಯ ಸ್ಕ್ರೀನ್‌ಶಾಟ್, ಅವರ ನಂಬರು, ಎಲ್ಲ ಹಾಗೇ ಇಟ್ಟುಕೋ, ಅಳಿಸಬೇಡ.

ಇಷ್ಟಾದ ಮೇಲೂ ಸರ್ವೆ ಮಾಡಿ ನೋಡಬೇಕು ಅನ್ನಿಸಿದರೆ ಮಾಡು, ನಾನು ಬೇಡ ಅನ್ನುವುದಿಲ್ಲ. ಬಸ್ ಕಾಯುವಾಗ, ದವಾಖಾನೆಯ ಪಾಳಿಯಲ್ಲಿ ಕೂತಾಗ, ಸುಮ್ಮನೆ ಹೋಗುವ ಹೊತ್ತಿಗೆ ಅದು ಸರಿ. ಅದಕ್ಕೆಂದೇ ಬೇರೆ ಇಮೇಲ್ ಮಾಡಿಕೋ. ಆಧಾರ್, ಓಟಿಪಿ, ಯುಪಿಐ ಪಿನ್ ಕೇಳಿದ ಕಡೆಯಿಂದ ಎದ್ದು ಬಾ. ಕನಿಷ್ಠ ಎಷ್ಟು ಕೂಡಿದರೆ ಕೊಡುತ್ತಾರೆ ಎಂಬುದನ್ನು ಶುರು ಮಾಡುವ ಮೊದಲೇ ಓದು, ಆ ಗುರಿ ಮುಟ್ಟಿದ ದಿನವೇ ತೆಗೆದುಬಿಡು, ಕೂಡಿಡಬೇಡ. ಇದ್ದದ್ದನ್ನೇ ಬರೆ. ಪಾಪುವಿನ ಹಾಲಿಗೆ, ಮನೆಯ ಬಾಡಿಗೆಗೆ ಅದನ್ನು ನೆಚ್ಚಿಕೊಳ್ಳಬೇಡ.

ನಿನಗೆ ಬರುವ ವಿದ್ಯೆಗೆ ತಾಸಿಗೆ 22 ರೂಪಾಯಿ ಬೆಲೆ ಅಲ್ಲ ಮಾರಾಯಾ. ಏಳು ವರ್ಷ ಆ ಅಂಗಡಿಯ ಲೆಕ್ಕವನ್ನು ಕಂಪ್ಯೂಟರಿನ ಟ್ಯಾಲಿಯಲ್ಲಿ ನೋಡಿದವನು ನೀನು. ಇಲ್ಲಿ ನಮ್ಮ ಕಾಕಾನ ನೂಲಿನ ಅಂಗಡಿಯಲ್ಲಿ ಆರು ತಿಂಗಳ ಬಿಲ್ಲುಗಳು ಒಂದು ಚೀಲದಲ್ಲಿ ಬಿದ್ದಿವೆ. ಜಿಎಸ್‌ಟಿ ರಿಟರ್ನ್ ತಡವಾಗಿ ಅವನು ದಿನಾ ದಂಡ ಬೆಳೆಸುತ್ತಿದ್ದಾನೆ. ನಿನ್ನೆ ನಿನ್ನ ಫೋನ್ ಕಟ್ಟಾದ ಮೇಲೆ ಹೋಗಿ ಮಾತಾಡಿ ಬಂದೆ. ತಿಂಗಳಿಗೆ 1,500 ಕೊಡುತ್ತೇನೆ ಎಂದ. ಬಿಲ್ಲಿನ ಫೋಟೋ ಹೊಡೆದು ನಾನು ಕಳಿಸುತ್ತೇನೆ, ನೀನು ಅಲ್ಲಿಂದಲೇ ಮಾಡಬಹುದು. ಅವನ ಪಕ್ಕದ ಬಣ್ಣದ ಅಂಗಡಿಯವರೂ ಕೇಳಿದರು, ಅವರ ಮಾತು ಇನ್ನೂ ಗಟ್ಟಿಯಾಗಿಲ್ಲ. ಇದರಿಂದ ಸಂಸಾರ ಸಾಗುವುದಿಲ್ಲ, ನನಗೆ ಗೊತ್ತು. ಆದರೆ ಮಾಡಿದ್ದಕ್ಕೆ ತಿಂಗಳಾದಾಗ ರೊಕ್ಕ ಬರುತ್ತದೆ. ಒಂದು ಅಂಗಡಿಯ ಲೆಕ್ಕ ಸರಿ ಮಾಡಿದವನನ್ನು ಇನ್ನೊಂದು ಅಂಗಡಿಯವರು ತಾವೇ ಕರೆಯುತ್ತಾರೆ.

ಬುಧವಾರ ಬಾ. ಬೆಳಗಿನ ಬಸ್ಸಿಗೆ ಹತ್ತಿ ಬಾಗಲಕೋಟೆಗೆ ಇಳಿ, ನಾನು ಗಾಡಿ ತಗೊಂಡು ಬರುತ್ತೇನೆ. ಲ್ಯಾಪ್‌ಟಾಪ್ ಮರೆಯಬೇಡ. ವೈನಿಯನ್ನೂ ಪಾಪುವನ್ನೂ ಕರೆದುಕೊಂಡು ಬಾ ಎಂದು ಅವ್ವ ಹೇಳಿದ್ದಾಳೆ, ಗಾಣದಿಂದ ನಿನ್ನೆಯೇ ಎಣ್ಣೆ ತರಿಸಿ ಇಟ್ಟಿದ್ದಾಳೆ. ಆ ಮೆಸೇಜಿನವರಿಗೆ ಏನಾದರೂ ಉತ್ತರ ಕೊಡುವ ಮೊದಲು ನನಗೊಂದು ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ, ಎತ್ತುತ್ತೇನೆ.

ನಿನ್ನ ದೋಸ್ತ